ನಲವತ್ತೆಂಟನೆಯ ಪೋರ್ಟು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ವೈರಕ್ಕ ಎಂದೇ. ಇಪ್ಪತ್ತು ವರ್ಷ ಏಣಿ ಹತ್ತಿ, ಚಾವಣಿಯ ಹಲಗೆ ಸರಿಸಿ, ಕಂಪ್ಯೂಟರಿನ ಕೇಬಲ್ ಎಳೆದ ಹೆಂಗಸಿಗೆ ಇನ್ನೇನು ಹೆಸರಿಟ್ಟಾರು? ಐವತ್ತು ದಾಟುತ್ತಲೇ ಅವಳ ಮೊಣಕಾಲು ಮುಷ್ಕರ ಹೂಡಿತು. ಆಗ ಹಟ ಹಿಡಿದು, ಕೇಬಲ್ಲಿನ ಇನ್ನೊಂದು ತುದಿಯಲ್ಲಿದ್ದು ಕಂಪ್ಯೂಟರುಗಳನ್ನೆಲ್ಲ ಬೆಸೆಯುವ, ಸ್ವಿಚ್ಚು ಎಂಬ ಪೆಟ್ಟಿಗೆಗಳಿಗೆ ಆಜ್ಞೆ ಬರೆಯುವುದನ್ನು ಕಲಿಯತೊಡಗಿದಳು. ಗಂಡ ದರ್ಜಿ, ಅವನ ಬಟ್ಟೆ ಕತ್ತರಿಸುವ ಮೇಜಿನ ಮೂಲೆಯೇ ಅವಳ ಪಾಠಶಾಲೆ.

"ಸ್ಲೇಟು ತಂದ್ಕೊಡ್ಲೇನೇ?" ಎಂದು ಅವನು ಕಿಚಾಯಿಸುತ್ತಿದ್ದ. ಅವಳು ಪರೀಕ್ಷೆ ಪಾಸಾದ ದಿನ ಮಾತ್ರ ಬೀದಿಗೆಲ್ಲ ಹೇಳಿಕೊಂಡು ಬಂದ.

ಪಾಸಾದವಳಿಗೆ ಆ ಕೆಲಸ ಕೊಡಲು ಆಸ್ಪತ್ರೆಯ ಮ್ಯಾನೇಜರ್ ಮೀನಮೇಷ ಎಣಿಸಿದರು. ಕೊನೆಗೆ ಒಂದು ಮಾತಾಯಿತು. ಮೂರನೇ ಮಹಡಿಯ ಲ್ಯಾಬಿನ ಸ್ವಿಚ್ಚಿನ ಕೆಲಸ ಸರಿಯಾಗಿ ಮುಗಿಸಿದರೆ ಉಳಿದ ಮಹಡಿಗಳೂ ಅವಳವು. ಎಡವಿದರೆ ಕೆಲಸ ಹೊರಗಿನ ಕಂಪನಿಗೆ, ಅವಳು ಮತ್ತೆ ಏಣಿಗೆ.

ಕೆಲಸವೇನೋ ಹೇಳಲು ಸುಲಭ. ಅಲ್ಲಿಯವರೆಗೆ ಗೋಡೆಯ ಸಾಕೆಟ್ಟಿಗೆ ಯಾರು ವೈರು ಚುಚ್ಚಿದರೂ ಸ್ವಿಚ್ಚು ಹಲ್ಲು ಕಿರಿದು ಒಳಗೆ ಬಿಟ್ಟುಕೊಳ್ಳುತ್ತಿತ್ತು. ರೋಗಿಗಳ ಗುಟ್ಟೆಲ್ಲ ಇರುವ ಜಾಗದಲ್ಲಿ ಅಷ್ಟು ಸಲಿಗೆ ಒಳ್ಳೆಯದಲ್ಲ. ಇನ್ನು ಮುಂದೆ ಸ್ವಿಚ್ಚಿನಲ್ಲಿ ವೈರು ಸೇರುವ ಪ್ರತಿ ಕಿಂಡಿಯೂ, ಅಂದರೆ ಪ್ರತಿ ಪೋರ್ಟೂ, "ನೀನ್ಯಾರು?" ಎಂದು ಕೇಳಬೇಕು, ಗುರುತು ಹೇಳಿದ ಯಂತ್ರಕ್ಕಷ್ಟೇ ದಾರಿ ಬಿಡಬೇಕು.

ವೈರಕ್ಕ ಆಫೀಸಿನ ಪಟ್ಟಿಯನ್ನು ನಂಬುವವಳಲ್ಲ. ಒಂದು ವಾರ ಲ್ಯಾಬಿನ ಒಂದೊಂದು ಸಾಕೆಟ್ಟನ್ನೂ ಬಗ್ಗಿ ನೋಡಿದಳು. ಪಟ್ಟಿಯಲ್ಲೇ ಇಲ್ಲದ, ರಕ್ತಪರೀಕ್ಷೆಯ ಹಳೆಯ ಯಂತ್ರವೊಂದು ಕಪಾಟಿನ ಹಿಂದೆ ಸಿಕ್ಕಿತು.

"ಅದು ನನ್ನ ಹಾಗೇ ಕಣಮ್ಮ, ಹೊಸದೇನೂ ತಲೆಗೆ ಹತ್ತಲ್ಲ. ಗುರುತು ಕೇಳಿದ್ರೆ ಪಿಳಿಪಿಳಿ ಅನ್ನುತ್ತೆ ಅಷ್ಟೇ," ಎಂದರು ಲ್ಯಾಬಿನ ಹಿರಿಯ ತಂತ್ರಜ್ಞ.

"ಬಿಡಿ ಅಣ್ಣಾ, ಅದಕ್ಕೆ ನಾನು ಜಾಮೀನು," ಎಂದು ವೈರಕ್ಕ ಯಂತ್ರದ ಬೆನ್ನ ಮೇಲಿದ್ದ ಸಂಖ್ಯೆ ಬರೆದುಕೊಂಡಳು. ಆ ಸಂಖ್ಯೆ ಕಂಡರೆ ಸುಮ್ಮನೆ ಬಿಡು ಎಂದು ಸ್ವಿಚ್ಚಿಗೆ ಮೊದಲೇ ಹೇಳಿಟ್ಟರಾಯಿತು.

ಊಟದ ಹೊತ್ತಿನಲ್ಲಿ, ಲ್ಯಾಬು ಬಿಡುವಾಗಿದ್ದಾಗ, ಕೆಳಮಹಡಿಯ ತನ್ನ ಕೋಣೆಯ ಕಂಪ್ಯೂಟರಿನಿಂದಲೇ ಕೆಲಸ ಶುರು ಮಾಡಿದಳು. ಮ್ಯಾನೇಜರ್ ಬೆನ್ನ ಹಿಂದೆಯೇ ನಿಂತಿದ್ದರು. ಒಂದೊಂದೇ ಪೋರ್ಟು ಮಾಡಬೇಕೆಂದುಕೊಂಡಿದ್ದವಳಿಗೆ, ನೋಡುವವರ ಮುಂದೆ ಚುರುಕು ತೋರಿಸುವ ಚಪಲ ಹತ್ತಿತು. ಒಂದರಿಂದ ನಲವತ್ತೆಂಟು ಎಂದು ಒಂದೇ ಸಾಲಿನಲ್ಲಿ ಬರೆದು ಒತ್ತಿಬಿಟ್ಟಳು. ನಲವತ್ತೆಂಟರಲ್ಲಿ ಯಾವ ಯಂತ್ರವೂ ಇರಲಿಲ್ಲ. ಇಡೀ ಮಹಡಿಯನ್ನು ಕೆಳಗಿನ ಸ್ವಿಚ್ಚಿಗೆ ಜೋಡಿಸುವ ಹೆದ್ದಾರಿ ಅದು. ಅವಳ ಆಜ್ಞೆಗಳು ಹೋಗುತ್ತಿದ್ದುದೂ ಅದೇ ದಾರಿಯಲ್ಲಿ. ಈಗ ಅದೂ ಗುರುತು ಕೇಳುತ್ತ ಬಾಗಿಲು ಹಾಕಿಕೊಂಡಿತು. ಕೂತ ಕೊಂಬೆಯನ್ನೇ ಕಡಿದುಕೊಂಡಿದ್ದಳು.

ಪರದೆ ಅಲ್ಲಾಡಲಿಲ್ಲ. ಮೇಲಿನಿಂದ ಫೋನು ಬಂತು: "ಮಹಡಿ ಪೂರ್ತಿ ಬಂದ್ ಆಗಿದೆ!"

"ಏನಾಯ್ತು?" ಎಂದರು ಮ್ಯಾನೇಜರ್.

ಮೇಲೆ ಕರೆಂಟು ಹೋಗಿದೆ ಎನ್ನಬಹುದಿತ್ತು. ಅವರಿಗೆ ತಿಳಿಯುತ್ತಲೂ ಇರಲಿಲ್ಲ. ಸುಳ್ಳು ನಾಲಿಗೆಯ ತುದಿಗೂ ಬಂತು.

"ನನ್ನ ತಪ್ಪು ಸಾರ್. ದಾರಿಗೇ ಬೀಗ ಹಾಕ್ಬಿಟ್ಟೆ. ಹತ್ತು ನಿಮಿಷ ಕೊಡಿ."

ಪುಣ್ಯಕ್ಕೆ, ಎಲ್ಲ ಸರಿಯಿದೆಯೆಂದು ಕಣ್ಣಾರೆ ಕಾಣುವ ತನಕ ಬರೆದದ್ದನ್ನು ಸೇವ್ ಮಾಡುವ ಅಭ್ಯಾಸ ಅವಳಿಗಿರಲಿಲ್ಲ. ಕುಂಟುತ್ತ ಮೆಟ್ಟಿಲು ಹತ್ತಿ, ಸ್ವಿಚ್ಚಿನ ಪ್ಲಗ್ಗು ಕಿತ್ತು ಮತ್ತೆ ಹಾಕಿದಳು. ಅದು ಹೊಸ ಆಜ್ಞೆಯನ್ನೆಲ್ಲ ಮರೆತು ಎದ್ದು ಕೂತಿತು. ಅಲ್ಲೇ ಸ್ಟೂಲು ಎಳೆದುಕೊಂಡು ಈ ಸಲ ಒಂದೊಂದಾಗಿ ಬರೆಯುತ್ತ ಹೋಗಿ, ನಲವತ್ತೇಳಕ್ಕೆ ನಿಲ್ಲಿಸಿದಳು. ಹಳೆಯ ಯಂತ್ರ ವರದಿ ಕಳಿಸಿತು. ತಂತ್ರಜ್ಞರು ತಮ್ಮ ಸ್ವಂತ ಲ್ಯಾಪ್‌ಟಾಪ್ ಚುಚ್ಚಿ ನೋಡಿದರೆ ಸ್ವಿಚ್ಚು ಕ್ಯಾರೇ ಎನ್ನಲಿಲ್ಲ. ಆಗ ಸೇವ್ ಮಾಡಿದಳು.

ಮರುದಿನ ಮ್ಯಾನೇಜರ್ ಕರೆಸಿದಾಗ, ಏಣಿಯೇ ಗತಿ ಎಂದುಕೊಂಡೇ ಒಳಗೆ ಹೋದಳು.

"ಆ ಕಂಪನಿಯವರನ್ನ ಕೇಳ್ದೆ, ನಿಮ್ಮಿಂದ ಇಂಥ ತಪ್ಪು ಯಾವತ್ತಾದ್ರೂ ಆಗಿದ್ಯಾ ಅಂತ," ಎಂದರು. "ಇಲ್ವೇ ಇಲ್ಲ ಅಂದ್ರು."

ವೈರಕ್ಕ ನೆಲ ನೋಡಿದಳು.

"ನನಗೆ ಭಯ ಆಗಿದ್ದೇ ಆಗ. ನಾಳೆ ಅವರು ಏನೇ ಕೆಡಿಸಿದ್ರೂ ನನಗೆ ಹೇಳೋರು ಯಾರು? ಆಪರೇಷನ್ ಥಿಯೇಟರಿನ ಮಹಡಿ ಯಾವತ್ತು ಮಾಡ್ತೀರಿ?"

ಸಂತೋಷಕ್ಕೆ ಅವಳ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡಳು.

"ನೀವು ಬೆನ್ನ ಹಿಂದೆ ನಿಲ್ಲದ ದಿನ ನೋಡಿ ಮಾಡ್ತೀನಿ, ಸಾರ್."