ಊಟದ ಹೊತ್ತಿಗೆ ನಿಲ್ಲುವ ವೈಫೈ

ನಮ್ಮ ಮನೆಯ ವೈಫೈ ದಿನಾ ರಾತ್ರಿ ಊಟದ ಹೊತ್ತಿಗೆ ನಿಂತುಹೋಗುತ್ತಿತ್ತು. ಕರೆಂಟ್ ಹೋಗಿ ಅಲ್ಲ, ಲೈನ್ ಕೆಟ್ಟು ಅಲ್ಲ, ನನ್ನ ಗಂಡ ಹಾಗೆ ಇಟ್ಟಿದ್ದರು. ಅವರು ಹೋದ ಮೇಲೂ ಅದು ಅದೇ ಹೊತ್ತಿಗೆ ನಿಲ್ಲುತ್ತಿತ್ತು, ನಾನು ಅದನ್ನು ಕೈಯಾರೆ ಅಳಿಸುವ ತನಕ.

ಹೇಳಬೇಕೆಂದರೆ ಗೋಡೆಗಳಿಂದಲೇ ಶುರು ಮಾಡಬೇಕು. ಆಳಂದದ ಹಳೇ ಓಣಿಯಲ್ಲಿರುವ ನಮ್ಮ ಮನೆಯ ಗೋಡೆಗಳು ಕಲ್ಲು ಮಣ್ಣಿನವು. ಕಿಟಕಿಯ ಗೂಡಿನಲ್ಲಿ ಒಬ್ಬರು ಕಾಲು ಮಡಚಿಕೊಂಡು ಆರಾಮಾಗಿ ಕೂರಬಹುದು, ಅಷ್ಟು ದಪ್ಪ. ಬೇಸಿಗೆಯಲ್ಲಿ ಈ ಗೋಡೆಗಳನ್ನು ಎಷ್ಟು ಹೊಗಳಿದರೂ ಕಡಿಮೆಯೇ, ಉಳಿದ ದಿನ ಬೈದುಕೊಂಡೇ ಇರುತ್ತಿದ್ದೆವು. ಪಡಸಾಲೆಯಲ್ಲಿ ವೈಫೈ ಡಬ್ಬಿ ಇಟ್ಟರೆ ಅಡುಗೆಮನೆಗೆ ನೆಟ್ ಇಲ್ಲ, ಅಡುಗೆಮನೆಯಲ್ಲಿಟ್ಟರೆ ಮಗಳ ಕೋಣೆಗೆ ಇಲ್ಲ. ಮೊಬೈಲಿನ ಸಿಗ್ನಲ್ ಬೇಕೆಂದರೆ ಮಾಳಿಗೆಯನ್ನೇ ಹತ್ತಬೇಕು.

ನನ್ನ ಗಂಡ ಅಫಜಲಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ನಾನು ಮಾದನಹಿಪ್ಪರಗಾದ ಶಾಲೆಯಲ್ಲಿ ಟೀಚರು. ಇಬ್ಬರೂ ಬಸ್ಸಿನ ಧೂಳು ಹೊತ್ತು ಸಂಜೆ ಮನೆಗೆ ಬಂದರೆ ನನಗೆ ಬೇಕಾಗುತ್ತಿದ್ದದ್ದು ಒಂದು ಕಪ್ ಚಹಾ, ಅವರಿಗೆ ಬೇಕಾಗುತ್ತಿದ್ದದ್ದು ಸೆಟ್ಟಿಂಗು. ಮನೆಯಲ್ಲಿ ಯಾವ ಸಾಮಾನು ಬಂದರೂ ಅದರ ಹೊಟ್ಟೆಯೊಳಗೆ ಏನೇನಿದೆ ಎಂದು ನೋಡದೆ ಅವರಿಗೆ ಸಮಾಧಾನವಿರಲಿಲ್ಲ. ಮಿಕ್ಸರ್‌ಗೆ ಸೆಟ್ಟಿಂಗ್ ಇಲ್ಲವಲ್ಲ ಎಂದು ನಾನು ದೇವರಿಗೆ ಕೈ ಮುಗಿಯುತ್ತಿದ್ದೆ.

ಹೀಗಿರುವಾಗ ಅವರು ಮೆಶ್ ವೈಫೈ ತಂದರು. ಮೂರು ಬಿಳಿ ಡಬ್ಬಿಗಳು. ಮನೆಯಲ್ಲಿ ಅಲ್ಲೊಂದು ಇಲ್ಲೊಂದು ಇಟ್ಟರೆ ತಮ್ಮ ತಮ್ಮೊಳಗೇ ಮಾತಾಡಿಕೊಂಡು ಇಡೀ ಮನೆಗೆ ಒಂದೇ ನೆಟ್ ಹಂಚುತ್ತವೆ. ಹಚ್ಚಿದರೆ ಸಾಕು, ಬೇರೇನೂ ಮಾಡಬೇಕಿಲ್ಲ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಆ ಮಾತು ನನಗೆ ಬಹಳ ಹಿಡಿಸಿತು. ಅವರು ಅದನ್ನು ಓದಿದರೋ ಇಲ್ಲವೋ, ಫೋನಿನಲ್ಲಿ ಅದರ ಆ್ಯಪ್ ತೆರೆದು ನೆಟ್ಟಗೆ 'ಅಡ್ವಾನ್ಸ್ಡ್' ಎಂಬ ಪುಟಕ್ಕೇ ಹೋದರು.

"ಸಾದಾ ಇಡ್ರಿ. ಹಚ್ಚಿದ್ರ ನಡೀಬೇಕು, ಅಷ್ಟ" ಎಂದೆ.

"ಸಾದಾ ಇಡಾಕ ನಾ ಯಾಕ ಬೇಕು ಬೇ? ಅಂಗಡಿಯವನೇ ಇಟ್ಟು ಹೋಗತಿದ್ದ" ಎಂದರು.

ಆ ದಸರಾ ರಜೆ ಪೂರ್ತಿ ಅದರಲ್ಲೇ ಹೋಯಿತು. ಬಂದ ನೆಂಟರಿಗೆ ಬೇರೆ ವೈಫೈ ಹೆಸರು, ಬೇರೆ ಪಾಸ್‌ವರ್ಡ್. ಮಗಳು ಓದಲು ಕೂತರೆ ಅವಳ ಕೋಣೆಗೆ ಮೊದಲ ಪಾಲು. ಮನೆಯ ಒಂದೊಂದು ಫೋನಿಗೂ ಆ ಪಟ್ಟಿಯಲ್ಲಿ ಅವರು ಇಟ್ಟ ಹೆಸರಿತ್ತು. ನನ್ನದು 'ಟೀಚರ್ ಬಾಯಿ', ಮಗಳದು 'ಡಾಕ್ಟರ್ ಸಾಹೇಬ', ಅವರ ತಾಯಿಯದು 'ಆಯಿ', ತಮ್ಮದು 'ಸೇವಕ'. ಸೇವಕನ ಕೈಯಲ್ಲಿ ಇಡೀ ಮನೆಯ ಬೀಗದ ಕೈ ಇತ್ತು ಎಂಬುದು ಬೇರೆ ಮಾತು. ಕೆಲವು ಸಲ ಅಫಜಲಪುರದ ಬಸ್ಸಿನಲ್ಲಿ ಕೂತೇ ಏನೋ ತಿರುವಿಬಿಡುತ್ತಿದ್ದರು. ನೆಟ್ ಬಂದ್ ಆಗುತ್ತಿತ್ತು, ನಾನು ಫೋನು ಮಾಡಿ ಬಾಯಿಗೆ ಬಂದಂತೆ ಅನ್ನುತ್ತಿದ್ದೆ, ಆ ಕಡೆಯಿಂದ ಅವರು ನಗುತ್ತಿದ್ದರು.

ಮುಖ್ಯ ಡಬ್ಬಿ ಮನೆಯ ನಡುವೆ ಇರಬೇಕೆಂದು ಲೆಕ್ಕ ಹಾಕಿದರು. ನಡುವೆ ಇದ್ದದ್ದು ದೇವರ ಜಗಲಿ. ಹಾಗಾಗಿ ಡಬ್ಬಿ ಜಗಲಿಯ ಮೇಲೇರಿ ಕೂತಿತು. ನಮ್ಮ ಅತ್ತೆ ದಿನಾ ಮುಂಜಾನೆ ಲಿಂಗಪೂಜೆಗೆ ಕೂರುವುದು ಅಲ್ಲಿಯೇ. ಪೂಜೆ ಮುಗಿಸಿ ಎದ್ದವರು ಜಗಲಿಯ ಮೇಲಿರುವುದಕ್ಕೆಲ್ಲ ವಿಭೂತಿ ಹಚ್ಚುವುದು ರೂಢಿ. ಹಸಿರು ದೀಪ ಉರಿಯುವ ಡಬ್ಬಿಯನ್ನು ಬಿಟ್ಟಾರೆಯೇ? ಅದಕ್ಕೂ ಮೂರು ಬೆರಳಿನ ಗೀಟು ಎಳೆದರು.

"ಯವ್ವಾ, ಮುಂದ ಅಷ್ಟ ಹಚ್ಚು. ಮ್ಯಾಲ, ಹಿಂದ ತೂತು ಅವ, ಅದರಾಗ ಹೋದ್ರ ಕೆಡತದ" ಎಂದು ಇವರು ತಾಯಿಗೆ ಹೇಳಿಕೊಟ್ಟರು.

"ಬೆಳಕು ಕೊಡೂದನ್ನ ಬರೇ ಹಣಿಲೆ ಇಡಬಾರದಪಾ" ಎಂದು ಅತ್ತೆ ಮುಂದಷ್ಟೇ ಹಚ್ಚಲು ಒಪ್ಪಿಕೊಂಡರು.

ಇನ್ನು ಊಟದ ವಿಷಯ. ನೆಟ್ ಎಲ್ಲ ಕೋಣೆಗೂ ಚೆನ್ನಾಗಿ ಬಂದದ್ದೇ ತಡ, ಊಟಕ್ಕೆ ಯಾರೂ ಬರದಂತಾಯಿತು. ಮಗಳು ಅವಳ ಕೋಣೆಯಲ್ಲಿ, ನಾನು ಶಾಲೆಯ ಗ್ರೂಪಿನ ಮೆಸೇಜುಗಳಲ್ಲಿ, ಅತ್ತೆ ತಮ್ಮ ಕೋಣೆಯಲ್ಲಿ ಮಠದ ಸ್ವಾಮಿಗಳ ಪ್ರವಚನದಲ್ಲಿ. ರೊಟ್ಟಿ ಬುಟ್ಟಿಯಲ್ಲಿ ಆರಿ ಸೆಟೆದುಕೊಳ್ಳುತ್ತಿತ್ತು. ನಾನು ಕೂಗಿದರೆ ಈ ಗೋಡೆಗಳಲ್ಲಿ ದನಿಯೂ ಹೋಗುತ್ತಿರಲಿಲ್ಲ. ಒಂದು ದಿನ ಅವರು ಫೋನಿನಲ್ಲಿ ಏನೋ ಒತ್ತಿದರು. ಮನೆಯ ನೆಟ್ ಪೂರ್ತಿ ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ಗೊಣಗುತ್ತ ಅಡುಗೆಮನೆಗೆ ಬಂದೆವು. ಅಲ್ಲಿ ಅವರು ತಾಟು ಹಚ್ಚಿಕೊಂಡು ಕೂತಿದ್ದರು.

ಅಂದಿನಿಂದ ದಿನಾ ಹಾಗೆಯೇ. ಊಟ ಮುಗಿಯುವಷ್ಟು ಹೊತ್ತು ನೆಟ್ ತಾನಾಗಿಯೇ ನಿಂತು ಮತ್ತೆ ಬರುವಂತೆ ಇಟ್ಟುಬಿಟ್ಟರು. ಅತ್ತೆಯ ಪ್ರವಚನ ಅರ್ಧಕ್ಕೇ ನಿಲ್ಲುತ್ತಿತ್ತು. "ಸ್ವಾಮಿಗೋಳು ಬಾಯಿ ತಗದಿದ್ದು ತಗದಂಗ ನಿಂತಾರ ನೋಡ್ರಿ" ಎಂದು ಎಲ್ಲರಿಗೂ ಫೋನು ತೋರಿಸುತ್ತ ಬರುತ್ತಿದ್ದರು. "ನನ್ನ ಮಗ ಊಟಕ್ಕ ಕರದ ಅಂದ್ರ ಸ್ವಾಮಿಗೋಳೂ ಸುಮ್ಮನಾಗಬೇಕು" ಎಂದು ನಗುತ್ತಿದ್ದರು. ಪುಂಡಿಪಲ್ಲೆ, ಶೇಂಗಾ ಹಿಂಡಿ, ಬಿಸಿ ರೊಟ್ಟಿ. ನಾನು ಆಗಲೂ ಬೈಯುತ್ತಲೇ ಇದ್ದೆ. ಆದರೆ ದಿನದಲ್ಲಿ ನನಗೆ ಅತಿ ಇಷ್ಟವಾದ ಹೊತ್ತು ಅದೇ ಆಗಿತ್ತು.

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಕಾಲೇಜಿನಲ್ಲಿ ಎದೆ ಹಿಡಿದುಕೊಂಡು ಕೂತವರು, ಕಲಬುರಗಿಯ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಅದರ ಬಗ್ಗೆ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಮಣ್ಣು ಮಾಡಿ ಬಂದ ರಾತ್ರಿ ಮನೆ ತುಂಬ ನೆಂಟರಿದ್ದರು. ಒಲೆ ಹಚ್ಚುವಂತಿರಲಿಲ್ಲ, ಬೀಗರ ಮನೆಯಿಂದ ರೊಟ್ಟಿಯ ಬುತ್ತಿ ಬಂದಿತ್ತು. ಪಡಸಾಲೆಯಲ್ಲಿ ಗಂಡಸರೆಲ್ಲ ಫೋನು ನೋಡುತ್ತ ಕೂತಿದ್ದರು. ಇದ್ದಕ್ಕಿದ್ದಂತೆ ಯಾರೋ "ನೆಟ್ ಹೋತಲ್ಲ" ಎಂದರು. ಇನ್ನೊಬ್ಬರು "ಹೌದ್ರಿ, ನಂದೂ ಹೋತು" ಎಂದರು. ಎಲ್ಲರೂ ತಲೆ ಎತ್ತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಒಳಗೆ ಕೂತಿದ್ದ ನಾನು, ಮಗಳು, ಅತ್ತೆ ಮೂವರಿಗೆ ಮಾತ್ರ ಗೊತ್ತಿತ್ತು. ಅಲ್ಲಿಯ ತನಕ ಅಳದೆ ಗೊಂಬೆಯ ಹಾಗೆ ಕೂತಿದ್ದ ಅತ್ತೆ ಆಗ ಬಾಯಿ ಬಿಟ್ಟು ಅತ್ತರು. ಬಂದವರಿಗೆ ಏನಾಯಿತೆಂದು ತಿಳಿಯಲಿಲ್ಲ.

ನೆಂಟರು ಹೋದ ಮೇಲೂ ಅದು ದಿನಾ ನಿಲ್ಲುತ್ತಿತ್ತು. ನಾವು ಮೂವರೂ ದಿನಾ ಬಂದು ಕೂರುತ್ತಿದ್ದೆವು. ತಪ್ಪಿಸಬೇಕೆಂದರೂ ನಮ್ಮ ಕೈಯಲ್ಲಿರಲಿಲ್ಲ. ಆ್ಯಪ್ ಇದ್ದದ್ದು ಅವರ ಫೋನಿನಲ್ಲಿ. ಫೋನಿಗೆ ಗೀಟು ಎಳೆದು ತೆರೆಯುವ ಪ್ಯಾಟರ್ನ್ ಬೀಗ. ಮಗಳು ತಿಳಿದ ಗೀಟನ್ನೆಲ್ಲ ಎಳೆದಳು, ಕೊನೆಗೆ ಫೋನು ಇನ್ನು ನಿಮ್ಮನ್ನು ಒಳಗೆ ಬಿಡುವುದೇ ಇಲ್ಲ ಎಂದು ಹಠ ಹಿಡಿಯಿತು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಸಮಾಧಾನವೇ ಆಯಿತು.

ಚಳಿಗಾಲಕ್ಕೆ ಮಗಳ ಆನ್‌ಲೈನ್ ಕ್ಲಾಸು ಶುರುವಾಯಿತು. ಡಾಕ್ಟರಾಗಬೇಕೆಂದು ಪರೀಕ್ಷೆಗೆ ಓದುತ್ತಿದ್ದಾಳೆ. ಕ್ಲಾಸಿನ ಹೊತ್ತೂ ನಮ್ಮ ಊಟದ ಹೊತ್ತೂ ಒಂದೇ. ಮನೆಯೊಳಗೆ ನೆಟ್ ನಿಂತಾಗ ಅವಳು ಶಾಲು ಹೊದ್ದುಕೊಂಡು ಮಾಳಿಗೆ ಹತ್ತುತ್ತಿದ್ದಳು. ನೀರಿನ ಟಾಕಿಯ ಮರೆಯಲ್ಲಿ ಕೂತು ಮೊಬೈಲಿನ ನೆಟ್ಟಿನಲ್ಲಿ ಪಾಠ ಕೇಳುತ್ತಿದ್ದಳು. ಗಾಳಿಗೆ ಕೆಮ್ಮು ಹಿಡಿಯಿತು. ನಾನು ತಾಟಿನಲ್ಲಿ ರೊಟ್ಟಿ ಪಲ್ಲೆ ಹಾಕಿಕೊಂಡು ಮೇಲೆ ಹೋಗಿ ಕೊಡುತ್ತಿದ್ದೆ. ಕೆಳಗೆ ಅತ್ತೆ ಒಬ್ಬರೇ ಕೂತು ಉಣ್ಣುತ್ತಿದ್ದರು.

ಜೇವರ್ಗಿಯಿಂದ ನನ್ನ ತಮ್ಮ ಬಂದಾಗ ಇದನ್ನೆಲ್ಲ ನೋಡಿ ಸಿಟ್ಟಾದ. ಹೆದ್ದಾರಿಯ ಪಕ್ಕ ಅವನದು ತೆಳುಗೋಡೆಯ ಹೊಸ ಮನೆ, ಅಲ್ಲಿ ಒಂದೇ ಡಬ್ಬಿ ಸಾಕು.

"ಅಕ್ಕಾ, ಹಿಂದಿನ ತೂತಿನಾಗ ಒಂದು ಪಿನ್ನು ಒತ್ತಿದ್ರ ಎಲ್ಲಾ ಅಳಿಸಿ ಹೊಸಾದಾಗತದ. ಸಾದಾ ಇಟ್ಟುಬಿಡು. ಮಾವ ಇಷ್ಟೆಲ್ಲಾ ಯಾಕ ಮಾಡಿದ್ರೋ ಏನೋ."

"ಸಾದಾ ಇಡಾಕ ಅವರ್ಯಾಕ ಬೇಕಿತ್ತು? ಅಂಗಡಿಯವನೇ ಇಟ್ಟು ಹೋಗತಿದ್ದ" ಎಂದು ಅವನ ಮೇಲೆ ಎಗರಿದೆ. ಅವರಿದ್ದಾಗ ಈ ಜಗಳದಲ್ಲಿ ನಾನು 'ಸಾದಾ ಇಡ್ರಿ' ಎನ್ನುವ ಕಡೆ ಇದ್ದವಳು. ಈಗ ಅವರ ಕಡೆಯಿಂದ ವಾದ ಮಾಡಲು ನಾನೊಬ್ಬಳೇ ಉಳಿದಿದ್ದೆ. ಅಳಿಸಿದರೆ ಆ ಊಟದ ಹೊತ್ತೂ ಹೋಗುತ್ತದೆ, ಅವರು ಈ ಮನೆಯಲ್ಲಿ ದಿನಾ ಮಾಡುತ್ತಿದ್ದ ಕೆಲಸ ಅದೊಂದೇ ಉಳಿದಿತ್ತು. ಅದನ್ನು ತಮ್ಮನಿಗೆ ಹೇಗೆ ಹೇಳುವುದು?

ತಮ್ಮ ಹೋದ ಮೇಲೆ ಮಗಳು ಮಾಳಿಗೆಯಲ್ಲಿ ನನ್ನ ಕೈಯಿಂದ ತಾಟು ತೆಗೆದುಕೊಳ್ಳುತ್ತ ಮೆಲ್ಲಗೆ ಅಂದಳು. "ಅವ್ವಾ, ಅಪ್ಪ ಇದ್ದಿದ್ರ ನಾ ಇಲ್ಲಿ ಕೂಡೂದು ನೋಡಿ ಆವತ್ತೇ ಬದಲಿ ಮಾಡತಿದ್ದ."

ಅದು ನಿಜವಾಗಿತ್ತು. ಅವರು ಸೆಟ್ಟಿಂಗುಗಳನ್ನು ಇಟ್ಟುಕೊಂಡದ್ದೇ ಮನೆಯ ಅನುಕೂಲ ನೋಡಿ ಬದಲಾಯಿಸಲಿಕ್ಕೆ. ಬದಲಾಯಿಸುವವರು ಇಲ್ಲದ ಮೇಲೆ ಅದು ಮಗಳನ್ನು ಚಳಿಯಲ್ಲಿ ಕೂರಿಸುತ್ತಿತ್ತು, ಅತ್ತೆಯನ್ನು ಒಬ್ಬರೇ ಉಣ್ಣುವಂತೆ ಮಾಡುತ್ತಿತ್ತು.

ಮುಂದಿನ ಭಾನುವಾರ ಅತ್ತೆ ಮಠಕ್ಕೆ ಹೋಗಿದ್ದರು. ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಅಳಿಸಿದ ಮೇಲೆ ನೆಟ್ ಲೈನಿಗೆ ಬೇಕಾಗುವ ಪಾಸ್‌ವರ್ಡನ್ನು ಮಗಳು ಕೇಬಲ್ಲಿನವರಿಂದ ಮೊದಲೇ ಕೇಳಿ ಇಟ್ಟಿದ್ದಳು. ಜಗಲಿಯಿಂದ ಡಬ್ಬಿ ಎತ್ತಿಕೊಂಡು ಸೆರಗಿನ ಪಿನ್ನು ತೆಗೆದೆ. ಹಿಂದೆ ತಿರುಗಿಸಿದರೆ ತೂತು ಕಾಣಲೇ ಇಲ್ಲ. ಮುಂದೆ, ಮೇಲೆ, ಹಿಂದೆ ಎಲ್ಲ ಕಡೆ ವಿಭೂತಿ ಗಟ್ಟಿಯಾಗಿ ಕೂತಿತ್ತು. ಮುಂದಷ್ಟೇ ಹಚ್ಚು ಎನ್ನುವ ಮಗ ಇಲ್ಲವಾದ ಮೇಲೆ ಅತ್ತೆ ಅದರ ಮೈ ತುಂಬ ಹಚ್ಚಿದ್ದರು. ದಿನಾ ಹಚ್ಚಿದ್ದರು. ನಾನು ಇದೇ ಮನೆಯಲ್ಲಿದ್ದೆ, ನೋಡಿರಲಿಲ್ಲ.

ಪಿನ್ನಿನ ತುದಿಯಿಂದ ಕೆದಕಿದೆ. ವಿಭೂತಿ ಪುಡಿಪುಡಿಯಾಗಿ ನನ್ನ ಅಂಗೈಗೆ ಬಿತ್ತು. ಅದನ್ನು ಕೆಳಗೆ ಝಾಡಿಸಲು ಮನಸ್ಸಾಗಲಿಲ್ಲ, ಹಣೆಗೆ ಹಚ್ಚಿಕೊಂಡೆ. ಮಗಳೂ ಹಣೆ ಮುಂದೆ ಮಾಡಿದಳು, ಅವಳಿಗೂ ಹಚ್ಚಿದೆ. ಆಮೇಲೆ ಪಿನ್ನು ಒತ್ತಿ ಹಿಡಿದೆ. ಹಸಿರು ದೀಪ ಆರಿತು. ಇಬ್ಬರೂ ಬಿಕ್ಕಿ ಬಿಕ್ಕಿ ಅತ್ತೆವು.

ದೀಪ ಮತ್ತೆ ಬಂದಾಗ ಮಗಳು ತನ್ನ ಫೋನು ಹಿಡಿದು ಕೇಳಿದಳು. "ಸಾದಾ ಇಡಲೇನವ್ವಾ, ಎಲ್ಲಾ ಸೆಟ್ಟಿಂಗ್ ಬೇಕೇನು?"

"ಸಾದಾನೇ ಇಡು" ಎಂದೆ.

ಒಲೆಯ ಮೇಲಿಟ್ಟ ಚಹಾ ಕುದಿಯುವುದರೊಳಗೆ ಎಲ್ಲ ಮುಗಿಯಿತು. ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಮನೆ ತುಂಬ ನೆಟ್. ನಾನು ಮೊದಲ ದಿನದಿಂದ ಕೇಳಿಕೊಂಡು ಬಂದದ್ದು ಇಷ್ಟನ್ನೇ. ಪಟ್ಟಿಯಲ್ಲಿ ಟೀಚರ್ ಬಾಯಿ ಇರಲಿಲ್ಲ, ಸೇವಕನೂ ಇರಲಿಲ್ಲ, ಫೋನು ಕಂಪನಿಗಳ ಹೆಸರುಗಳಿದ್ದವು.

ರಾತ್ರಿ ರೊಟ್ಟಿ ಬಡಿದು ಬುಟ್ಟಿಗೆ ಹಾಕಿ ತಾಟು ಹಚ್ಚಿದೆ. ಮಗಳು ತನ್ನ ಕೋಣೆಯಲ್ಲಿ ಬೆಚ್ಚಗೆ ಕೂತು ಪಾಠ ಕೇಳುತ್ತಿದ್ದಳು, ಅವಳು ಆಮೇಲೆ ಉಣ್ಣುತ್ತೇನೆ ಎಂದಿದ್ದಳು. ಅತ್ತೆ ಬರಲಿಲ್ಲ. "ಅತ್ತಿ, ಊಟಕ್ಕ ಬರ್ರಿ" ಎಂದು ಕೂಗಿದೆ. ಇನ್ನೊಮ್ಮೆ ಜೋರಾಗಿ ಕೂಗಿದೆ. ಕೊನೆಗೆ ಕೈ ತೊಳೆದುಕೊಂಡು ಅವರ ಕೋಣೆಗೇ ಹೋದೆ.

ಅತ್ತೆ ಹಾಸಿಗೆಯ ಮೇಲೆ ಕೂತು ಎರಡೂ ಕೈಯಲ್ಲಿ ಫೋನು ಹಿಡಿದಿದ್ದರು. ಪ್ರವಚನ ನಡೆದೇ ಇತ್ತು. ಅವರು ಕೇಳುತ್ತಿರಲಿಲ್ಲ, ಅದು ನಿಲ್ಲುವುದನ್ನೇ ಕಾಯುತ್ತಿದ್ದರು.

"ಅತ್ತಿ, ಊಟದ ಹೊತ್ತಾತು, ಬರ್ರಿ."

"ಎಲ್ಲಿ ಆಗ್ಯಾದವ್ವಾ?" ಎಂದು ಫೋನನ್ನು ನನ್ನ ಕಡೆ ತಿರುಗಿಸಿದರು. "ಸ್ವಾಮಿಗೋಳು ಇನ್ನಾ ಮಾತಾಡಾಕತ್ತಾರ ನೋಡು. ನನ್ನ ಮಗ ಇನ್ನಾ ಕರದೇ ಇಲ್ಲ."

ನಾನು ಅವರ ಕೈಯಿಂದ ಫೋನು ತೆಗೆದುಕೊಂಡು ಪ್ರವಚನ ನಿಲ್ಲಿಸಿದೆ. ಅವರು ನಿಂತ ಪರದೆಯನ್ನು ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು ಎದ್ದು ಊಟಕ್ಕೆ ಬಂದರು.