ಬೆರಳಿಟ್ಟು ಓದಿದ ಇಂಗ್ಲಿಷ್

ಜೇನು ಸಾಕುವವನಿಗೆ ಅವನ ಹೆಂಡತಿ ಸಹಾಯ ಮಾಡುತ್ತಿದ್ದಳೇ? ಈ ಪ್ರಶ್ನೆಗೆ ಮೂರು ಉತ್ತರಗಳಿದ್ದವು: ಸರಿ, ತಪ್ಪು, ನಾಟ್ ಗಿವನ್. ಕೊನೆಯದರ ಅರ್ಥ, ಪಾಠದಲ್ಲಿ ಆ ವಿಷಯ ಹೇಳಿಯೇ ಇಲ್ಲ ಎಂದು. ನನಗೆ ನಲವತ್ತೇಳು ವರ್ಷ. ಸರಿ ಗೊತ್ತಿತ್ತು, ತಪ್ಪೂ ಸಾಕಷ್ಟು ಗೊತ್ತಿತ್ತು. ಹೇಳಿಲ್ಲ ಎನ್ನುವುದೂ ಒಂದು ಉತ್ತರ, ಅದಕ್ಕೂ ಅಂಕ ಉಂಟು ಎಂಬುದು ಮಾತ್ರ ಆವತ್ತೇ ಗೊತ್ತಾದದ್ದು.

ನಾನು ‘ಸರಿ’ ಎಂದು ಗುರುತು ಹಾಕಿದೆ.

“ಅಮ್ಮ, ರಾಂಗ್,” ಎಂದಳು ಹದಿನೈದು ವರ್ಷದ ಮಗಳು ದೀಕ್ಷಾ.

“ಎಂಬತ್ತು ಪೆಟ್ಟಿಗೆ ಜೇನು ಮಾರಾಯ್ತಿ. ಒಬ್ಬನಿಂದ ಆಗ್ತದಾ? ಹೆಂಡತಿ ನೋಡದೆ ಮತ್ಯಾರು ನೋಡುವುದು?”

“ಅವನಿಗೆ ಮದುವೆ ಆಗಿದೆ ಅಂತಲೇ ಇಲ್ಲಿ ಹೇಳ್ಲಿಲ್ಲ.”

ಹೌದಲ್ಲ ಎನಿಸಿತು. ಆದರೂ ಆ ಇಲ್ಲದ ಹೆಂಗಸು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಪೆಟ್ಟಿಗೆಗಳ ನಡುವೆ ಓಡಾಡುವುದು ನನ್ನ ಕಣ್ಣಿಗೆ ಕಾಣುತ್ತಲೇ ಇತ್ತು.

ಅದು ಒಂದು ಶುಕ್ರವಾರದ ಬೆಳಿಗ್ಗೆ. ಕತಾರಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಅಲ್ ಸದ್ದ್‌ನ ನಮ್ಮ ಫ್ಲಾಟಿನ ಊಟದ ಮೇಜಿನ ಮೇಲೆ ಒಂದು ಕಡೆ ನಾನು ಹೆಚ್ಚಿಟ್ಟ ಬೀನ್ಸ್, ಇನ್ನೊಂದು ಕಡೆ ದೀಕ್ಷಾಳ ಮೊಬೈಲ್. ಮೊಬೈಲಿನಲ್ಲಿ ಅರವತ್ತು ನಿಮಿಷದ ಗಡಿಯಾರ ಓಡುತ್ತಿತ್ತು. ಇಂಗ್ಲಿಷ್ ಪರೀಕ್ಷೆಯ ಓದಿನ ಭಾಗವೆಂದರೆ ಅಷ್ಟೇ: ಮೂರು ಉದ್ದದ ಪಾಠ, ನಲವತ್ತು ಪ್ರಶ್ನೆ, ಒಂದು ಗಂಟೆ. ಆವತ್ತು ನನಗೆ ನಲವತ್ತರಲ್ಲಿ ಹದಿನೇಳು ಸರಿಯಾಗಿತ್ತು. ನನ್ನ ಯಜಮಾನರು ಲುಸೈಲ್‌ನಲ್ಲಿ ಒಂದು ಕಟ್ಟಡ ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಾರೆ. ಅವರು ಚಹಾ ಕುಡಿಯುತ್ತ, “ಹದಿನೇಳು ಕಮ್ಮಿಯೇನಲ್ಲ. ನನಗಾದರೆ ಆ ಜೇನುನೊಣವೇ ಕಚ್ಚುತ್ತಿತ್ತು,” ಎಂದರು. ಮನೆಯಲ್ಲಿ ನಾವು ಆಡುವುದು ತುಳು, ಮಗಳ ಬಾಯಲ್ಲಿ ಅದಕ್ಕೆ ಅರ್ಧ ಇಂಗ್ಲಿಷ್ ಬೆರೆತಿರುತ್ತದೆ. ಊರಿನ ನಿಮಗಾಗಿ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಈ ವಯಸ್ಸಿನಲ್ಲಿ ಪರೀಕ್ಷೆ ಯಾಕೆ ಎಂದು ನೀವು ಕೇಳಬಹುದು. ಕಿನ್ನಿಗೋಳಿಯ ಹತ್ತಿರ ನಮ್ಮೂರ ಬಾಲವಾಡಿಯಲ್ಲಿ ನಾನು ಆರು ವರ್ಷ ಮಕ್ಕಳಿಗೆ ಕತೆ ಹೇಳಿದವಳು. ದೋಹಾಕ್ಕೆ ಬಂದು ಒಂಬತ್ತು ವರ್ಷವಾಯಿತು. ಅದರಲ್ಲಿ ನಾಲ್ಕು ವರ್ಷಗಳಿಂದ ಅಬು ಹಮೂರಿನ ಒಂದು ನರ್ಸರಿಯಲ್ಲಿ ಸಹಾಯಕಿಯಾಗಿದ್ದೇನೆ. ಮಕ್ಕಳ ಕೈ ತೊಳೆಸುವುದು, ಬುತ್ತಿಯ ಮುಚ್ಚಳ ತೆಗೆದುಕೊಡುವುದು, ಬಿಚ್ಚಿದ ಶೂ ಲೇಸ್ ಕಟ್ಟುವುದು ನನ್ನ ಕೆಲಸ. ಹತ್ತೂವರೆಗೆ ಕತೆಯ ಹೊತ್ತು. ಮಕ್ಕಳು ನೀಲಿ ಚಾಪೆಯ ಮೇಲೆ ಕೂತಾಗ ಟೀಚರ್ ಬಣ್ಣದ ಪುಸ್ತಕ ಬಿಡಿಸುತ್ತಾರೆ. ಆಗ ನಾನು ಹಿಂದೆ ನಿಂತು ಒದ್ದೆ ಟವೆಲ್ ಮಡಚುತ್ತಿರಬೇಕು. ಪುಸ್ತಕ ಮುಟ್ಟುವಂತಿಲ್ಲ. ತರಗತಿಯಲ್ಲಿ ಓದುವವರ ಹತ್ತಿರ ಇಂಗ್ಲಿಷಿನ ಸರ್ಟಿಫಿಕೇಟ್ ಇರಬೇಕೆಂಬುದು ಅಲ್ಲಿಯ ನಿಯಮ. ನಾಲ್ಕು ವರ್ಷ ಟವೆಲ್ ಮಡಚುತ್ತ ಕೇಳಿದ ಕತೆಗಳೆಲ್ಲ ನನಗೆ ಬಾಯಿಪಾಠ. ಆದರೆ ಬಾಯಿ ತೆರೆಯುವ ಹಕ್ಕು ಇರಲಿಲ್ಲ.

ಮೇಲ್ವಿಚಾರಕಿ ಮಿಸ್ ರೀಮಾ ಜೋರ್ಡಾನಿನವರು. ಒಂದು ದಿನ ಕರೆದು, “ಬೇಸಿಗೆ ರಜೆಯ ನಂತರ ಟೀಚರ್‌ಗೆ ತರಗತಿಯಲ್ಲಿ ಓದಿ ಹೇಳುವ ಒಬ್ಬ ಅಸಿಸ್ಟೆಂಟ್ ಬೇಕು. ಮಕ್ಕಳು ನಿನ್ನನ್ನೇ ಕೇಳುತ್ತಾರೆ. ಪರೀಕ್ಷೆಯ ನಾಲ್ಕು ಭಾಗದಲ್ಲೂ ಒಂಬತ್ತಕ್ಕೆ ಆರು ತಾ, ಕೆಲಸ ನಿನ್ನದು. ಇಲ್ಲದಿದ್ದರೆ ಹೊರಗಿನವರನ್ನು ತೆಗೆದುಕೊಳ್ಳುತ್ತೇನೆ. ಯಲ್ಲಾ,” ಎಂದರು. ಯಲ್ಲಾ ಎಂದರೆ ‘ಸರಿ, ನಡಿ’ ಎಂದು. ಇಲ್ಲಿ ಬೈಯುವಾಗಲೂ ಅದೇ, ಹರಸುವಾಗಲೂ ಅದೇ. ಅವರು ಹೇಳಿದ್ದು ಯಾವುದು ಎಂದು ಅರ್ಥಮಾಡಿಕೊಳ್ಳುವ ಹೊತ್ತಿಗೆ ನಾನು ಬಾಗಿಲ ಹೊರಗಿದ್ದೆ.

ಕೇಳಿಸಿಕೊಳ್ಳುವ ಭಾಗಕ್ಕೆ ಹೆದರಿಕೆಯಿರಲಿಲ್ಲ. ಫಿಲಿಪೈನ್ಸ್, ಈಜಿಪ್ಟ್, ಶ್ರೀಲಂಕಾದ ಇಂಗ್ಲಿಷನ್ನೆಲ್ಲ ದಿನಾ ಕೇಳಿ ಕಿವಿ ಪಳಗಿದೆ. ಮಾತೂ ನಡೆಯುತ್ತಿತ್ತು. ಬರೆಯುವುದನ್ನು ಹೇಗೋ ದಾಟಿಸಬಹುದಿತ್ತು. ನನ್ನನ್ನು ಮುಳುಗಿಸುತ್ತಿದ್ದದ್ದು ಓದು. ಚಿಕ್ಕಂದಿನಿಂದ ನಾನು ಹೆಮ್ಮೆಪಟ್ಟ ಒಂದೇ ಒಂದು ವಿದ್ಯೆ.

ಮುಂದಿನ ಶುಕ್ರವಾರದ ಪಾಠ ಒಂದು ಮೀನುಗಾರರ ಹಳ್ಳಿಯದು. ‘ಮಳೆಗಾಲದಲ್ಲಿ ಹಳ್ಳಿಯವರು ಮರಳಿನ ಮೇಲೆ ಮೀನು ಒಣಗಿಸುತ್ತಿದ್ದರು’ ಎಂಬ ವಾಕ್ಯಕ್ಕೆ ನಾನು ಎರಡು ಸಲ ಒತ್ತಿ ‘ತಪ್ಪು’ ಎಂದು ಬರೆದೆ. ಅದೂ ನಾಟ್ ಗಿವನ್ ಅಂತೆ.

“ಮಳೆಯಲ್ಲಿ ಯಾರಾದ್ರೂ ಮೀನು ಒಣಗಿಸ್ತಾರಾ? ಇದನ್ನು ಬರೆದವರು ಸಮುದ್ರ ಕಂಡಿದ್ದಾರಾ?”

“ಅಮ್ಮ, ನಿಂಗೆ ಗೊತ್ತಿರುವುದು ಅವರಿಗೆ ಬೇಡ. ಅವರು ಹೇಳಿದ್ದು ಮಾತ್ರ ಬೇಕು. ಎಲ್ಲಿ ಉಂಟು ಅಂತ ಬೆರಳಿಟ್ಟು ತೋರಿಸು.”

ಬೆರಳಿಟ್ಟೆ. ಬೆರಳು ಸಾಲಿನಿಂದ ಸಾಲಿಗೆ ಅಲೆಯಿತು. ಮರಳಿತ್ತು, ಮೀನಿತ್ತು, ಉಪ್ಪಿತ್ತು. ಮಳೆ ಎಲ್ಲೂ ಇರಲಿಲ್ಲ. ಮಳೆಯನ್ನು ತಂದವಳು ನಾನು.

ಅಲ್ಲೇ ನನ್ನ ರೋಗದ ಬೇರು ಸಿಕ್ಕಿತು. ಬೀನ್ಸ್ ಬಾಣಲೆಗೆ ಹಾಕುವಾಗ ನೆಬಿಸಮ್ಮ ನೆನಪಾದರು.

ನೆಬಿಸಮ್ಮ ಊರಿನಲ್ಲಿ ನಮ್ಮ ಪಕ್ಕದ ಮನೆಯವರು. ಅವರ ಗಂಡ ಮೊಯ್ದಿನಾಕ ಆ ಕಾಲದಲ್ಲೇ ದೋಹಾದಲ್ಲಿ ದುಡಿಯುತ್ತಿದ್ದರು. ದೋಹಾ ಎಂಬ ಹೆಸರನ್ನು ನಾನು ಮೊದಲು ನೋಡಿದ್ದು ಅವರ ಪತ್ರದ ಲಕೋಟೆಯ ಮೇಲೆ. ನೆಬಿಸಮ್ಮನಿಗೆ ಓದು ಬಾರದು. ಪತ್ರ ಬಂದ ದಿನ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಅಮ್ಮ ಮತ್ತು ಅಕ್ಕಪಕ್ಕದ ಹೆಂಗಸರು ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿರುವಾಗ, ಹನ್ನೊಂದು ವರ್ಷದ ನಾನು ನಡುವೆ ಕೂತು ಗಟ್ಟಿಯಾಗಿ ಓದಬೇಕು. ಮೊಯ್ದಿನಾಕ ಬರೆಯುತ್ತಿದ್ದದ್ದು ಅರ್ಧ ಪುಟ. ‘ನಾನು ಕ್ಷೇಮ. ಹಂಚು ಸರಿಮಾಡಿಸು. ಮಗನನ್ನು ಶಾಲೆ ತಪ್ಪಿಸಬೇಡ. ಬೇರೆ ವಿಶೇಷವಿಲ್ಲ.’ ಅಷ್ಟಕ್ಕೆ ಮುಗಿಯುತ್ತಿತ್ತು. ನೆಬಿಸಮ್ಮನ ಕೈಯಲ್ಲಿ ಬೀಡಿ ಎಲೆ ಹಾಗೆಯೇ ನಿಂತಿರುತ್ತಿತ್ತು.

“ಮತ್ತೆ? ಮತ್ತೆಂತ ಬರೆದಿದ್ದಾರೆ?” ಎಂದು ಕೇಳುತ್ತಿದ್ದರು.

ಖಾಲಿ ಅರ್ಧ ಪುಟವನ್ನು ನೋಡುತ್ತ ನಾನು ಓದುತ್ತಿದ್ದೆ: “ನಿನ್ನ ಮೊಣಕಾಲು ನೋವು ಹೇಗುಂಟು, ಎಣ್ಣೆ ತಿಕ್ಕುತ್ತಿದ್ದೀಯಾ, ಇಲ್ಲಿ ಮೀನು ತಿನ್ನುವಾಗ ನಿನ್ನ ಕೈಯ ಸಾರು ನೆನಪಾಗ್ತದೆ.” ಎಲೆ ಮತ್ತೆ ಸುತ್ತಿಕೊಳ್ಳುತ್ತಿತ್ತು. ಅಮ್ಮ ಒಮ್ಮೆ ನನ್ನನ್ನು ನೋಡಿ ಮತ್ತೆ ಮೊರಕ್ಕೆ ಬಗ್ಗುತ್ತಿದ್ದರು. ಹೀಗೆ ಓದಲು ಕಲಿತವಳು ನಾನು. ಓದುವುದೆಂದರೆ ಬರೆದವರು ಬಿಟ್ಟದ್ದನ್ನು ತುಂಬಿಸಿಕೊಡುವುದು ಎಂದೇ ತಿಳಿದಿದ್ದೆ. ಈಗ ಅದಕ್ಕೇ ಅಂಕ ಕತ್ತರಿಸುತ್ತಿದ್ದರು.

ಇಲ್ಲಿಗೆ ಬಂದ ಮೊದಲ ಬೇಸಿಗೆಯೂ ಹೀಗೇ ಇತ್ತು. ಊರಿನಲ್ಲಿ ನಲ್ಲಿ ತಿರುಗಿಸಿದರೆ ತಣ್ಣೀರು, ಒಲೆಗೆ ಬೆಂಕಿ ಹಾಕಿದರೆ ಬಿಸಿನೀರು. ದೋಹಾದಲ್ಲಿ ಜುಲೈ ಬಂತೆಂದರೆ ತಾರಸಿಯ ಟ್ಯಾಂಕ್ ಕಾದು, ತಣ್ಣೀರಿನ ನಲ್ಲಿಯಲ್ಲಿ ಅಕ್ಕಿ ತೊಳೆಯಲಾಗದಷ್ಟು ಬಿಸಿನೀರು. ಗೀಸರ್ ಆರಿಸಿಟ್ಟು ಅದರೊಳಗೆ ನಿಂತ ನೀರನ್ನೇ ತಣ್ಣೀರೆಂದು ಬಳಸಬೇಕು. ಕೆಂಪು ಗುರುತಿನ ನಲ್ಲಿ ತಂಪು, ನೀಲಿ ಗುರುತಿನದು ಬಿಸಿ. ಒಂದು ತಿಂಗಳು ಕೈ ಸುಟ್ಟುಕೊಂಡೆ. ಆಮೇಲೆ ಕೈಯೇ ಕಲಿತುಕೊಂಡಿತು. ಈಗ ಊರಿನ ಮನೆಗೂ ಗೀಸರ್ ಬಂದಿದೆ; ರಜೆಗೆ ಹೋದಾಗ ಅಲ್ಲಿ ಮೊದಲ ದಿನ ತಪ್ಪು ನಲ್ಲಿ ತಿರುಗಿಸುತ್ತೇನೆ.

ಕೈ ಕಲಿತದ್ದನ್ನು ಕಣ್ಣೂ ಕಲಿಯಬಹುದು ಎಂದು ಧೈರ್ಯ ತಂದುಕೊಂಡೆ. ಆದರೆ ತುಂಬಿಸುವ ಚಾಳಿಯನ್ನು ಬಾಯಿಮುಚ್ಚಿಸಿ ಕೂರಿಸಿದರೆ ಅದು ಕೂರುವುದಿಲ್ಲ. ಹಾಗಾಗಿ ಅದಕ್ಕೊಂದು ಜಾಗ ಮಾಡಿಕೊಟ್ಟೆ. ನಮ್ಮ ಕಟ್ಟಡದ ಕೆಳಗಿನ ಬಕಾಲಾದಿಂದ, ಅಂದರೆ ಮಲಯಾಳಿಯೊಬ್ಬರ ದಿನಸಿ ಅಂಗಡಿಯಿಂದ, ಇನ್ನೂರು ಪುಟದ ನೋಟ್ ಪುಸ್ತಕ ತಂದೆ. ಎಡಪುಟದಲ್ಲಿ ಪಾಠದಲ್ಲಿರುವುದು ಮಾತ್ರ, ಇಂಗ್ಲಿಷಿನಲ್ಲಿ, ಸಾಲಿನ ಸಂಖ್ಯೆಯ ಸಮೇತ. ಬಲಪುಟದಲ್ಲಿ ನನ್ನದು, ಕನ್ನಡದಲ್ಲಿ. ‘ಜೇನಿನವನ ಹೆಂಡತಿ: ಪಾಪ, ಇವಳ ಹೆಸರನ್ನೂ ಹಾಕಲಿಲ್ಲ.’ ‘ಮಳೆಗಾಲದಲ್ಲಿ ಮೀನು ಅಟ್ಟದ ಮೇಲೆ ಒಣಗಬೇಕು, ಒಲೆಯ ಹೊಗೆಯಲ್ಲಿ.’ ‘ಹಿಮದ ಮೇಲೆ ನಡೆದ ಆ ವಿಜ್ಞಾನಿಯ ಅಮ್ಮ ಅನ್ನ ಬಡಿಸಿಟ್ಟು ಕಾದಿರಬೇಕು.’

ಶುಕ್ರವಾರ ಗಡಿಯಾರ ಇಟ್ಟು ಓದು. ಉಳಿದ ದಿನ ನರ್ಸರಿಯ ವ್ಯಾನಿನಲ್ಲಿ ಹೋಗುವಾಗ ಒಂದು ಪಾಠ, ಬರುವಾಗ ಅದೇ ಪಾಠದ ಎಡ-ಬಲ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಅವರ ಮಾತು ಬೇರೆ, ನನ್ನ ಮಾತು ಬೇರೆ ಮಾಡುತ್ತ ಹೋದೆ. ನಾನು ಬಲಪುಟಕ್ಕೆ ಹಾಕಿದ್ದನ್ನು ಕಲ್ಲೆಂದು ಮಾತ್ರ ಎಂದೂ ಅಂದುಕೊಳ್ಳಲಿಲ್ಲ. ಹದಿನೇಳು ಇಪ್ಪತ್ತೆರಡಾಯಿತು. ಒಂದು ವಾರ ಹತ್ತೊಂಬತ್ತಕ್ಕೆ ಇಳಿಯಿತು. ದೀಕ್ಷಾ, “ಡೋಂಟ್ ವರಿ, ನಿದ್ದೆ ಸಾಕಾಗ್ಲಿಲ್ಲ ನಿಂಗೆ,” ಎಂದು ಥೇಟ್ ನಾನು ಅವಳ ಗಣಿತಕ್ಕೆ ಹೇಳುತ್ತಿದ್ದ ಧಾಟಿಯಲ್ಲೇ ಹೇಳಿದಳು. ಇಪ್ಪತ್ತಾರು. ಇಪ್ಪತ್ತೊಂಬತ್ತು. ಶುಕ್ರವಾರದ ಅನ್ನ ಯಜಮಾನರ ಪಾಲಿಗೆ ಬಂತು. ಅವರು ಕುಚಲಕ್ಕಿಯನ್ನು ಮೂರು ವಾರ ಗಂಜಿ ಮಾಡಿ, ನಾಲ್ಕನೆಯ ವಾರ ಅನ್ನ ಮಾಡಿದರು. ಆ ವಾರ ನನಗೂ ಮೂವತ್ತೆರಡು ಬಂದಿತ್ತು. ಇಬ್ಬರೂ ಪಾಸು ಎಂದು ನಕ್ಕೆವು.

ಪರೀಕ್ಷೆಯ ದಿನ ಹೊರಗೆ ಬಿಸಿಗಾಳಿ, ಒಳಗೆ ಎ.ಸಿ.ಯ ಚಳಿ. ನನ್ನ ಎಡಕ್ಕೆ, ಬಲಕ್ಕೆ ದೀಕ್ಷಾಳ ವಯಸ್ಸಿಗಿಂತ ನಾಲ್ಕೈದು ವರ್ಷ ದೊಡ್ಡ ಹುಡುಗ ಹುಡುಗಿಯರು. ಬಾಗಿಲಲ್ಲಿ ಪಾಸ್‌ಪೋರ್ಟ್ ನೋಡುತ್ತಿದ್ದವರು, “ಮಕ್ಕಳ ಜೊತೆ ಬಂದವರು ಹೊರಗೆ ಕೂರಬೇಕು,” ಎಂದು ಹಿಂದಿಯಲ್ಲಿ ಹೇಳಿದರು. “ಮಗು ಮನೆಯಲ್ಲಿದೆ, ನಾನೇ ಬಂದಿದ್ದೇನೆ,” ಎಂದೆ. ಅವರು ನಾಚಿ ಕುರ್ಚಿ ತೋರಿಸಿದರು.

ಮೂರನೆಯ ಪಾಠ ಒಬ್ಬ ಗಡಿಯಾರ ರಿಪೇರಿಯವನದು. ಹುಟ್ಟಿದ ಊರು ಬಿಟ್ಟು ದೂರದ ಪಟ್ಟಣಕ್ಕೆ ಹೋಗಿ, ಅಲ್ಲಿಯ ದೊಡ್ಡ ಗಡಿಯಾರವನ್ನು ನಲವತ್ತು ವರ್ಷ ನಡೆಸಿದವನು. ಕೊನೆಯ ಪ್ರಶ್ನೆ: ‘ಅವನು ತನ್ನ ಹುಟ್ಟೂರಿಗೆ ಮತ್ತೆ ಹೋಗಲೇ ಇಲ್ಲ.’ ನಾಲ್ಕು ನಿಮಿಷ ಉಳಿದಿತ್ತು. ನನಗೆ ಗೊತ್ತಿತ್ತು, ಅವನು ಹೋಗಿಯೇ ಇರುತ್ತಾನೆ. ಎರಡು ವರ್ಷಕ್ಕೊಮ್ಮೆ, ಪೆಟ್ಟಿಗೆ ತುಂಬ ಸಾಬೂನು, ಖರ್ಜೂರ ಕಟ್ಟಿಕೊಂಡು. ಇಲ್ಲದಿದ್ದರೆ ಯಾರಾದರೂ ಅಷ್ಟು ವರ್ಷ ಇರುತ್ತಾರೆಯೇ? ಕೈ ‘ತಪ್ಪು’ ಎಂಬಲ್ಲಿಗೆ ಹೋಗಿಯೇಬಿಟ್ಟಿತ್ತು. ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟೆ. ಮೇಲಿನಿಂದ ಕೆಳಗೆ ಒಂದೊಂದೇ ಸಾಲು ಇಳಿದೆ. ಗಡಿಯಾರವಿತ್ತು, ಚಕ್ರವಿತ್ತು, ಪಟ್ಟಣದವರ ಮೆಚ್ಚುಗೆಯಿತ್ತು. ಊರಿನ ಮಾತು ಮತ್ತೆ ಬರಲಿಲ್ಲ. ‘ಇರು ಮಾರಾಯ, ನಿನ್ನನ್ನು ಮನೆಗೆ ಹೋಗಿ ಬಲಪುಟದಲ್ಲಿ ಬರೆಯುತ್ತೇನೆ’ ಎಂದು ಮನಸ್ಸಿನಲ್ಲೇ ಅವನಿಗೆ ಮಾತು ಕೊಟ್ಟು, ನಾಟ್ ಗಿವನ್ ಒತ್ತಿದೆ.

ಫಲಿತಾಂಶ ಬುಧವಾರ ಸಂಜೆ ಬಂತು. ದೀಕ್ಷಾ ಮೊಬೈಲ್ ಹಿಡಿದು ನನ್ನ ಬೆರಳನ್ನು ಎಳೆದು ಪರದೆಯ ಮೇಲಿಟ್ಟಳು. ಓದು: ಏಳು. ಉಳಿದ ಮೂರೂ ಆರರಿಂದ ಕೆಳಗಿರಲಿಲ್ಲ.

“ಇದು ಗಿವನ್,” ಎಂದಳು.

ಯಜಮಾನರು ಎದ್ದುಹೋಗಿ ಎಲ್ಲರಿಗೂ ಕರಕ್ ತಂದರು. ಕರಕ್ ಎಂದರೆ ಇಲ್ಲಿಯ ಏಲಕ್ಕಿ ಹಾಕಿದ ಗಟ್ಟಿ ಚಹಾ. ಕುಡಿಯುತ್ತ, “ಇನ್ನು ನಾವು ಮನೆಯಲ್ಲಿ ಮಾತಾಡುವಾಗ ಹುಷಾರಾಗಿರ್ಬೇಕು,” ಎಂದು ಮಗಳಿಗೆ ಹೇಳಿದರು. “ಹೇಳಿದ್ದು ಯಾವುದು, ಹೇಳದೇ ಇದ್ದದ್ದು ಯಾವುದು ಅಂತ ಇವಳಿಗೆ ಸರ್ಟಿಫಿಕೇಟ್ ಸಮೇತ ಗೊತ್ತಾಗ್ತದೆ.”

ಗುರುವಾರ ಮಿಸ್ ರೀಮಾ ನಾನು ಪ್ರಿಂಟ್ ತೆಗೆಸಿ ಒಯ್ದ ಫಲಿತಾಂಶದ ಕಾಗದವನ್ನು ಎರಡು ಸಲ ಓದಿ, “ಖಲಾಸ್,” ಎಂದರು. ಮುಗಿಯಿತು, ತೀರ್ಮಾನವಾಯಿತು ಎಂದರ್ಥ. ಹೊಸ ಕೆಲಸ ರಜೆಯ ನಂತರವೇ ಆದರೂ, ಹತ್ತೂವರೆಗೆ ಅವರೇ ಬಂದು ನನ್ನ ಕೈಯ ಟವೆಲ್ ತೆಗೆದುಕೊಂಡು ಪುಸ್ತಕ ಕೊಟ್ಟರು. ಕೊಳದ ದಾರಿ ತಪ್ಪಿದ ಬಾತುಕೋಳಿಯ ಕತೆ. ಬರೆದಂತೆಯೇ ಓದಿದೆ, ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬಾತುಕೋಳಿ ಕೊಳ ಸೇರಿತು, ಪುಸ್ತಕ ಮುಗಿಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು, “ಅದಕ್ಕೆ ಹಸಿವಾಗಿರಲಿಲ್ವಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಮಿಸ್ ರೀಮಾರ ಕಡೆ ನೋಡಿದೆ. ಅವರು ನನ್ನ ಟವೆಲ್ ಮಡಚುವುದರಲ್ಲಿದ್ದರು. ಪುಸ್ತಕ ಮುಚ್ಚಿ ಬದಿಗಿಟ್ಟೆ. ಬಾತುಕೋಳಿಯ ಅಮ್ಮ ಏನೇನು ಮಾಡಿಟ್ಟಿದ್ದಳು ಎಂಬುದನ್ನು ಮಕ್ಕಳಿಗೆ ಹೇಳಿದೆ. ಅದರಲ್ಲಿ ನೀರುದೋಸೆಯೂ ಇತ್ತು.

ಶುಕ್ರವಾರ ಮಧ್ಯಾಹ್ನ ನೆಬಿಸಮ್ಮನಿಗೆ ಫೋನ್ ಮಾಡಿದೆ. ಅವರಿಗೀಗ ಎಂಬತ್ತು ದಾಟಿದೆ. ಮೊಯ್ದಿನಾಕ ತೀರಿಹೋಗಿ ಬಹಳ ವರ್ಷವಾಯಿತು. ಮಗ, ಸೊಸೆಯ ಜೊತೆ ಅದೇ ಮನೆಯಲ್ಲಿದ್ದಾರೆ. ಪರೀಕ್ಷೆಯ ಕಾಗದ ಬಂದದ್ದನ್ನು ನನ್ನಿಂದ ಕೇಳಿದ ಸೊಸೆ, ಅದನ್ನು ಅವರಿಗೆ ಹೇಳಿ ಫೋನನ್ನು ಅವರ ಕಿವಿಗಿಟ್ಟಳು. ಇಷ್ಟು ವರ್ಷ ಹೇಳಲಾಗದ್ದನ್ನು ಅಂದೇ ಹೇಳಿಬಿಟ್ಟೆ: ಆ ಮೊಣಕಾಲು, ಆ ಮೀನುಸಾರು, ಎಲ್ಲ ನಾನೇ ಸೇರಿಸಿ ಓದಿದ್ದು ಎಂದು.

ಆ ಕಡೆ ನಗು ಕೇಳಿಸಿತು. “ನನಗೆ ಗೊತ್ತಿರ್ಲಿಲ್ವಾ ಮಗಾ? ರಜೆಯಲ್ಲಿ ಬಂದಾಗ ಅವರಿಗೆ ನೋವು ಯಾವ ಕಾಲಿಗೆ ಅಂತಲೇ ಗೊತ್ತಿರ್ಲಿಲ್ಲ.”

“ಮತ್ತೆ ಪ್ರತಿ ಸಲ ಯಾಕೆ ಕೇಳ್ತಿದ್ರಿ?”

“ನೀನು ಚಂದ ಓದ್ತಿದ್ದಿ. ಅದಕ್ಕೆ.” ಸ್ವಲ್ಪ ಉಸಿರು ತೆಗೆದುಕೊಂಡರು. “ಈಗ ನಿನಗೂ ದೋಹಾದ ಕಾಗದ ಬಂದಿದೆಯಂತೆ. ಓದು, ಕೇಳುವಾ.”

ನನ್ನ ಹೆಸರು ಓದಿದೆ. ನಾಲ್ಕು ಭಾಗದ ಅಂಕ ಓದಿದೆ. ಅಷ್ಟೇ ಇದ್ದದ್ದು. ಉಳಿದ ಅರ್ಧ ಪುಟ ಖಾಲಿ.

“ಮತ್ತೆ?” ಎಂದರು ನೆಬಿಸಮ್ಮ. “ಮತ್ತೆಂತ ಬರೆದಿದ್ದಾರೆ?”

ಬೆರಳನ್ನು ಕಾಗದದಿಂದ ತೆಗೆದೆ.

“ಪಕ್ಕದ ಮನೆಯ ನೆಬಿಸಮ್ಮನ ಮೊಣಕಾಲು ಹೇಗುಂಟು ಅಂತ ಕೇಳಿದ್ದಾರೆ,” ಎಂದು ಓದಿದೆ.