ತಾಮ್ರದ ತಗಡಿನಲ್ಲಿ ಅಪ್ಪ

ಅಪ್ಪ ನಾಚಾರಂನ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆದವರು. ಎಡಗೈಯ ಎರಡು ಬೆರಳ ತುದಿಗಳನ್ನು ಆ ಯಂತ್ರಕ್ಕೇ ಕೊಟ್ಟು ಬಂದಿದ್ದರು. ಫೋಟೋ ಅಂದರೆ ಸಾಕು, ಆ ಕೈ ಬೆನ್ನ ಹಿಂದೆ ಹೋಗುತ್ತಿತ್ತು. ನನ್ನ ಮದುವೆಯ ಆಲ್ಬಂ ತುಂಬ ಅವರಿಗೆ ಒಂದೇ ಕೈ. ಅದಕ್ಕಾಗಿ ನಾನು ಜಗಳವನ್ನೂ ಆಡಿದ್ದೇನೆ.

ನಾರಾಯಣಗೂಡದ ನಮ್ಮ ಮನೆಯ ಮಹಡಿಯಲ್ಲಿ ಮೈಸೂರಿನ ಹುಡುಗಿಯೊಬ್ಬಳು ಬಾಡಿಗೆಗಿದ್ದಳು, ಚಿತ್ರಕಲೆಯ ಟೀಚರು. ಮೇಣ ಬಳಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಸಿಡ್‌ನಲ್ಲಿ ಅದ್ದಿ, ಶಾಯಿ ತುಂಬಿ ಕಾಗದಕ್ಕೆ ಒತ್ತುವುದು ಅವಳ ಕೆಲಸ. "ನಿಮ್ಮ ಚಿತ್ರ ಮಾಡ್ಲಾ ಸರ್? ಆದ್ರೆ ಎರಡೂ ಕೈ ಕಾಣ್ಬೇಕು" ಎಂದು ಒಂದು ದಿನ ಅಪ್ಪನನ್ನು ಕೇಳಿದಳು. ತಾಮ್ರದ ಮೇಲಿನ ಕೆಲಸ ಎಂದದ್ದೇ, ಲೋಹದ ಜೊತೆಗೇ ಬಾಳಿದ ಅಪ್ಪ ಒಪ್ಪಿಬಿಟ್ಟರು. ಮೂರು ಭಾನುವಾರ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತರು.

ಚಿತ್ರ ನೋಡಿ ದಂಗಾದೆ. ಹಣೆಯ ಗೆರೆಗಳು, ಬಿಸಿ ಚೂರು ಸಿಡಿದು ಕೆನ್ನೆಗಾದ ಕಲೆ, ಉಬ್ಬಿದ ನರಗಳು, ಅಳತೆ ನೋಡಿ ನೋಡಿ ಕಿರಿದಾದ ಕಣ್ಣು. ಒಂದನ್ನೂ ಬಿಟ್ಟಿರಲಿಲ್ಲ. ಆದರೆ ಮೊಂಡು ಬೆರಳುಗಳು ಬಲಗೈಗೆ ಬಂದಿದ್ದವು! ತಗಡಿನ ಮೇಲೆ ಗೀರಿದ್ದು ಕಾಗದದಲ್ಲಿ ಎಡಬಲ ಅದಲುಬದಲಾಗುತ್ತದಂತೆ. ಅಪ್ಪನ ಮುಖದಲ್ಲೇ ಮುಳುಗಿದ್ದವಳು ತಿರುಗಿಸಿ ಬರೆಯಲು ಮರೆತಿದ್ದಳು.

ನನಗೆ ಮೂಗಿನ ತುದಿಯಲ್ಲೇ ಕೋಪ. "ಇಷ್ಟ ವರ್ಷಕ್ಕ ಒಮ್ಮೆ ಕೈ ತೋರಿಸ್ಯಾರ, ಅದನ್ನೂ ತಪ್ಪು ಮಾಡೀರಲ್ರಿ!" ಎಂದುಬಿಟ್ಟೆ. ಪಾಪ, ಅವಳ ಮುಖ ಬಾಡಿತು. "ಈ ತಗಡು ಬಿಸಾಕ್ತೀನಿ ಸರ್. ಇನ್ನೊಂದ್ಸಲ ಕೂತ್ಕೋತೀರಾ?"

ಅಪ್ಪ ಇನ್ನೊಮ್ಮೆ ಕೂರುವವರಲ್ಲ ಎಂದು ನನಗೆ ಗೊತ್ತಿತ್ತು. ಅವರು ತಗಡು ತರಿಸಿದರು. ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದರು, ಬೆಳಕಿಗೆ ಓರೆಯಾಗಿ ಹಿಡಿದರು. "ಎಲ್ಲೂ ಕೈ ತಡವರಿಸಿಲ್ಲ ನೋಡವಾ. ಭಾಳ ಚಂದ ಆಗೇತಿ" ಎಂದರು ಅವಳಿಗೆ. ಇಷ್ಟು ವರ್ಷದಲ್ಲಿ ನನಗೇ ಸಿಗದ ಶಭಾಸ್‌ಗಿರಿ ಅದು, ಹೊಟ್ಟೆಕಿಚ್ಚೂ ಆಯಿತು.

"ಅಪ್ಪಾ, ಕೈ ತಪ್ಪೈತಿ" ಎಂದೆ.

"ನಿನಗ ತಪ್ಪು. ದಿನಾ ಮುಂಜಾನೆ ಎಡಗೈಲೆ ಗಲ್ಲ ಎಳಕೊಂಡು ದಾಡಿ ಮಾಡ್ತೀನಲ್ಲ, ಕನ್ನಡಿಯೊಳಗ ನನಗ ಕಾಣಸಾಂವ ಈ ಚಿತ್ರದೊಳಗಿನವನೇ. ಇವನ ಕೈ ನೋಡಬಾರದಂತ ಲಗೂ ಲಗೂ ಮುಗಿಸಿ ಏಳ್ತಿದ್ದೆ."

ಕಾಗದವನ್ನು ಕಿಟಕಿಯ ಹತ್ತಿರ ಒಯ್ದು ಕೂತರು. ಬಹಳ ಹೊತ್ತಿನ ಮೇಲೆ, ತಲೆ ಎತ್ತದೆಯೇ ಹೇಳಿದರು: "ತಗಡು ಒಗಿಬ್ಯಾಡವಾ."